ಬೋರಿನ ನೀರಿನ ಸುದ್ದಿ

ನೇತ್ರಾ ಮಾಡಬೇಕಿದ್ದ ಕೆಲಸ ಹೇಳುವುದಕ್ಕೆ ಸರಳ. ಭೂರಸಾಯನ ಶಾಸ್ತ್ರ ಅಂದರೆ ಕಲ್ಲು, ಮಣ್ಣು, ನೀರಿನೊಳಗೆ ಏನೇನು ಬೆರೆತಿದೆ ಎಂದು ನೋಡುವ ವಿದ್ಯೆ. ಅದಕ್ಕೆ ಹತ್ತಾರು ಕವಲು. ಯಾವ ಕವಲಿನಲ್ಲಿ ಕೆಲಸ ಬಾಕಿ ಇದೆ, ಯಾವುದರಲ್ಲಿ ಮುಗಿದಿದೆ ಎಂದು ವಿಂಗಡಿಸಿ ಕೊಟ್ಟರೆ, ದಿಲ್ಲಿಯವರು ಅದನ್ನು ನೋಡಿ ಇಡೀ ದೇಶದ ಸಂಶೋಧನೆಗೆ ಅನುದಾನ ಹಂಚುತ್ತಾರೆ. ಅದಕ್ಕೊಂದು ಸಮಿತಿ. ಗದಗಿನ ಕಾಲೇಜಿನಲ್ಲಿ ಪಾಠ ಹೇಳುವ ನೇತ್ರಾಳಿಗೆ ಅದರಲ್ಲಿ ಕುರ್ಚಿ ಸಿಕ್ಕಾಗ ಅವಳ ತಾಯಿ ಬೆಟಗೇರಿಯ ಓಣಿಗೆಲ್ಲ ಪೇಢೆ ಹಂಚಿದ್ದಳು.

ಅದಿರಿನ ಕವಲಿಗೆ ಅನುದಾನ ಬೇಡುವವರು ಬಹಳ. "ಕುಡಿಯುವ ನೀರಿನದು ಮುಗಿದ ಕೆಲಸ ಎಂದು ಬರೆಯೋಣ," ಎಂದರು ಸಮಿತಿಯ ಹಿರಿಯರು. "ಮುಂಡರಗಿ ಕಡೆಯ ಬೋರುಗಳನ್ನೆಲ್ಲ ಪರೀಕ್ಷಿಸಿ ನೀವೇ ಪ್ರಬಂಧ ಬರೆದಿದ್ದೀರಲ್ಲ, ಅದೇ ಸಾಕ್ಷಿ."

ನೇತ್ರಾ ಹೂಂ ಅಂದಳು. ತನ್ನ ಪ್ರಬಂಧದ ಹೆಸರು ದಿಲ್ಲಿಯ ವರದಿಯಲ್ಲಿ ಬರುತ್ತದಲ್ಲ ಎಂಬ ಆಸೆ. ಇನ್ನು ಬೋರಿನದೊಂದು ಫೋಟೊ ಬೇಕಿತ್ತು, ಅಷ್ಟೇ. ರವಿವಾರ ಮುಂಡರಗಿ ಬಸ್ಸು ಹತ್ತಿ, ಅಲ್ಲಿಂದ ಆಟೊ ಹಿಡಿದು, ಹತ್ತು ವರ್ಷದ ಹಿಂದೆ ಪರೀಕ್ಷೆಗೆಂದು ಬಾಟ್ಲಿಗಳಲ್ಲಿ ನೀರು ತುಂಬಿಕೊಂಡು ಹೋಗಿದ್ದ ಆ ಸಣ್ಣ ಊರಿಗೆ ಬಂದಳು.

ಬೋರಿನ ಎದುರಿಗೇ ರಸೂಲಬಿಯ ಮನೆ. ಮುದುಕಿ ಕಣ್ಣು ಕಿರಿದು ಮಾಡಿ ನೋಡಿ, ಗುರುತು ಹಿಡಿದೇಬಿಟ್ಟಳು.

"ಅಯ್ಯ, ಬಾಟ್ಲಿ ಅಕ್ಕೋರ! ಅವಾಗ ಕಡ್ಡಿಯಂಗ ಇದ್ರಿ, ಈಗ ಚಲೋ ಮೈ ಹಿಡದೀರಿ. ಬರ್ರಿ, ಒಳಗ ಕುಂಡ್ರಿ."

ಒಂದು ಚೂರು ಬೆಲ್ಲ ಬಂತು, ಜೊತೆಗೆ ತುಂಬಿದ ಲೋಟ. ನೇತ್ರಾ ಬೆಲ್ಲ ಬಾಯಿಗೆ ಹಾಕಿಕೊಂಡು ಲೋಟ ಎತ್ತಿದಳು. ತುಟಿಯ ಹತ್ತಿರ ಬಂದಾಗ ನೆನಪಾಯಿತು. ಈ ಬೋರಿನ ನೀರಿನಲ್ಲಿ ಫ್ಲೋರೈಡು ಇರಬೇಕಾದ್ದಕ್ಕಿಂತ ಮೂರು ಪಟ್ಟು. ತಾನೇ ಬರೆದದ್ದು. ಲೋಟ ಕೆಳಗಿಟ್ಟಳು.

ರಸೂಲಬಿಯ ಮುಖ ಸಣ್ಣದಾಯಿತು. ಆದರೂ ನಕ್ಕಳು.

"ಇರ್ಲಿ ಬಿಡ್ರಿ. ನಮ್ಮ ಮನಿ ನೀರ ನಿಮಗ ನಡೀತೈತೋ ಇಲ್ಲೋ, ಕೇಳಬೇಕಿತ್ತು, ನನಗs ಖಬರ ಉಳೀಲಿಲ್ಲ. ಫಿಜಾ, ಏ ಫಿಜಾ! ಸಂಗಪ್ಪಣ್ಣನ ಮನಿಯಿಂದ ಒಂದ ಚರಿಗಿ ನೀರ ತಗೊಂಬಾ, ಜಲ್ದಿ!"

"ಅಯ್ಯೋ, ಹಂಗಲ್ಲಬೇ!" ಎಂದವಳೇ ನೇತ್ರಾ ಲೋಟವನ್ನು ಗಟಗಟ ಕುಡಿದು ಖಾಲಿ ಮಾಡಿದಳು. ಸಂಗಪ್ಪನ ಮನೆಯದೂ ಇದೇ ಬೋರಿನ ನೀರು.

ರಸೂಲಬಿಯ ಮುಖ ಅರಳಿತು. "ಹಾಂ, ಕುಡೀರಿ. ನೀವs ತಪಾಸ ಮಾಡಿದ ನೀರಲ್ಲೇನ್ರಿ ಇದು? ಮೊದಲ ನಾವು ಕೆರಿ ನೀರ ಹೊತ್ತು ತರತಿದ್ವಿ. ಬೋರಿನ ನೀರ ಕೆಟ್ಟಿದ್ರ ಹೇಳಾಕ ಬರ್ತೀನಿ ಅಂದಿದ್ರಿ. ನೀವು ಬರಲಿಲ್ಲ. ಅಂದಮ್ಯಾಲೆ ಚಲೋ ಐತಿ ಅಂತ ಊರಿಗೆ ಊರs ಇದನ್ನ ಹಿಡದ್ವಿ."

ನೇತ್ರಾ ಆ ಮಾತು ಆಡಿದ್ದು ನಿಜ. ಫಲಿತಾಂಶ ಬಂದಾಗ ಪ್ರಬಂಧ ಕಳಿಸುವ ಗಡಿಬಿಡಿ. ಆಮೇಲೆ ಅದು ಅಚ್ಚಾಯಿತು, ಸನ್ಮಾನವಾಯಿತು. ಊರು ಮರೆತುಹೋಯಿತು.

ಎಂಟು ವರ್ಷದ ಮೊಮ್ಮಗಳು ಫಿಜಾ ಬಾಗಿಲಲ್ಲಿ ನಿಂತು ನಕ್ಕಳು, ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲೇ ಕಂಡಿತ್ತು. ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ.

"ನೋಡ್ರಿ ಈಕಿ ಹಲ್ಲ! ತಿಕ್ಕವಾ ಅಂದ್ರ ತಿಕ್ಕೀನಿ ಅಂತ ಸುಳ್ಳ ಹೇಳತಾಳ. ಸಾಲ್ಯಾಗ ಹುಡುಗೂರು ಕಾಡತಾವು."

"ಖರೇನ ತಿಕ್ಕೀನಿ, ದಾದಿ," ಎಂದಳು ಫಿಜಾ ಅಜ್ಜಿಗೆ.

"ಆಕಿ ಖರೇನ ಹೇಳಾಕತ್ತಾಳಬೇ," ಎಂದಳು ನೇತ್ರಾ. ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದಳು. ನೀರಿನಲ್ಲಿ ಏನಿದೆ, ಅದು ಎಳೆಯ ಹಲ್ಲಿಗೆ ಏನು ಮಾಡುತ್ತದೆ, ತನಗೆ ಅದು ಯಾವಾಗ ಗೊತ್ತಾಗಿತ್ತು. ಬೈಗುಳಕ್ಕೆ ಕಾದು ಕೂತಳು.

ರಸೂಲಬಿ ಖಾಲಿ ಲೋಟ ಎತ್ತಿಕೊಂಡು ಅದರೊಳಗೆ ನೋಡಿದಳು.

"ಅಯ್ಯ ನನ್ನವ್ವಾ. ಮನಿಗೆ ಬಂದಾಕಿಗೆ ಇಂಥಾ ನೀರ ಕುಡಿಸಿದ್ನಲ್ಲ ನಾನು."

ಆಮೇಲೆ ಫಿಜಾಳನ್ನು ಎಳೆದು ತೊಡೆಗೆ ಒತ್ತಿಕೊಂಡಳು. "ಸುಮ್ಮಸುಮ್ಮನ ಬೈದೆ ನಿನಗ."

ಬೈದಿದ್ದರೆ ನೇತ್ರಾ ಹೇಗೋ ತಡೆದುಕೊಳ್ಳುತ್ತಿದ್ದಳು. ಫೋಟೊ ತೆಗೆಯದೇ ಎದ್ದಳು.

ಮುಂಡರಗಿ ಬಸ್‌ಸ್ಟ್ಯಾಂಡಿನಿಂದಲೇ ಹಿರಿಯರಿಗೆ ಫೋನು ಮಾಡಿದಳು. "ನೀರಿನ ಕೆಲಸ ಮುಗಿದಿಲ್ಲ ಸರ್, ಬಾಕಿಯ ಕಡೆ ಹಾಕಿರಿ. ನೀರು ಕೊಟ್ಟವರಿಗೆ ಫಲಿತಾಂಶ ತಿಳಿಸುವುದಕ್ಕೂ ಅದರಲ್ಲೊಂದು ವಿಭಾಗ ಬೇಕು."

"ಅದೆಲ್ಲಿಯ ಶಾಸ್ತ್ರವಮ್ಮ? ಅದು ಟಪಾಲಿನವರ ಕೆಲಸ. ಮುಗಿದಿದೆ ಎಂದು ನಿಮ್ಮ ಪ್ರಬಂಧವೇ ಹೇಳುತ್ತದಲ್ಲ?"

"ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಉದಾಹರಣೆ ಅಂತ ಅದನ್ನೇ ಹಾಕಿರಿ."

ಸಭೆಯಲ್ಲಿ ಎಲ್ಲರೆದುರು ಅದನ್ನೇ ಮತ್ತೆ ಹೇಳಬೇಕಾಯಿತು. ಕೆಲವರು ಮೇಜು ನೋಡುತ್ತ ಕೂತರು, ಒಬ್ಬರು ಕೆಮ್ಮಿದರು. ಬೇರೆ ವಿಭಾಗವೇನೂ ಆಗಲಿಲ್ಲ. ನೀರು ಮಾತ್ರ ಬಾಕಿಯ ಕಡೆ ಬಂತು. ಅವಳು ಆಸೆಪಟ್ಟಂತೆ ಪ್ರಬಂಧದ ಹೆಸರೂ ದಿಲ್ಲಿಯ ವರದಿಯಲ್ಲಿ ಬಂತು, 'ಅಪೂರ್ಣ' ಎಂಬ ಮಾತಿನ ಕೆಳಗೆ.

ಆ ವರದಿಗೆ ಕಾಯದೆ, ಫೋನು ಮಾಡಿದ ಮರು ರವಿವಾರವೇ ನೇತ್ರಾ ಊರವರನ್ನು ಕೂಡಿಸಿ ಎಲ್ಲವನ್ನೂ ಹೇಳಿ, ಕುಡಿಯಬಾರದೆಂಬ ಗುರುತಿಗೆ ಬೋರಿನ ಹಿಡಿಕೆಗೆ ಕೆಂಪು ಬಣ್ಣ ಬಳಿಸಿ, ರಸೂಲಬಿಯ ಮನೆಗೆ ಬಂದು ಕೂತಳು. ಬೆಲ್ಲ ಬಂತು. ನೀರು ಬರಲಿಲ್ಲ. ರಸೂಲಬಿ ಒಳಬಾಗಿಲಲ್ಲಿ ಹಿಂದುಮುಂದು ನೋಡುತ್ತ ನಿಂತಿದ್ದಳು.

"ಕೆರಿ ನೀರ್ರೀ ಅಕ್ಕೋರ. ಸೋಸಿ ಕಾಸೇನಿ. ತರ್ಲ್ಯಾ?"

ಬಂದವರಿಗೆ ನೀರು ಕೊಡುವ ಮುಂಚೆ ಆ ಮನೆಯಲ್ಲಿ ಹೀಗೆ ಅಂಜಿ ಕೇಳಿದ್ದೇ ಇರಲಿಲ್ಲ.

"ತರ್ರಿ," ಎಂದಳು ನೇತ್ರಾ. ಮುಖ ಎತ್ತಲಿಲ್ಲ.