ಸುಳ್ಳು ಬಾರದವಳು

ಕನ್ನಡಕ ಕೊಳ್ಳಲು ಬಂದವರನ್ನು ನಿಮಗೆ ಕನ್ನಡಕ ಬೇಡವೆಂದು ಹೇಳಿ ಕಳಿಸುವ ವ್ಯಾಪಾರಿಯೆಂದರೆ ನಾನು ಕಂಡಂತೆ ಅವಳೊಬ್ಬಳೇ. ತೋಳನ್ನು ಮೊಣಕೈವರೆಗೆ ಮಡಚಿದ ಬಿಳಿ ಅಂಗಿ, ಎಡಗೈಗೆ ಗಂಡಸರ ದಪ್ಪ ಗಡಿಯಾರ, ಯಾರು ಹಿಂದಿನಿಂದ ಕರೆದರೂ ನಿಲ್ಲೆನೆಂಬಂಥ ದಾಪುಗಾಲು. ಕಠಿಣವಾದ ಮಾತೊಂದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಬಲಗಿವಿಯನ್ನೊಮ್ಮೆ ಎಳೆದುಕೊಂಡು, "ಬೇಜಾರು ಮಾಡ್ಕೋಬೇಡಿ" ಎಂದು ಪೀಠಿಕೆ ಹಾಕುತ್ತಾಳೆ. ನಾನು ಆಸೆಪಟ್ಟು ಆರಿಸಿದ ಫ್ರೇಮನ್ನು ನೋಡಿ, "ಗೂಬೆ ಥರ ಕಾಣ್ತೀರಿ ಸಾರ್" ಎಂದಿದ್ದಳು. ಬೀದಿಯವರಿಗೆಲ್ಲ ಅವಳು ಖಡಕ್ ಅಕ್ಕ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರೆಂಬ ಗಾದೆ ಅವಳ ಮಟ್ಟಿಗೆ ಆತ್ಮಚರಿತ್ರೆಯದೇ ಒಂದು ಪುಟ.

ಅವಳ ತಂದೆ ಹೆಸರಾಂತ ಪ್ರವಚನಕಾರರು. ಆ ಮನೆಯಲ್ಲಿ ಬೀದಿಯ ಕಡೆಯ ಕಿಟಕಿಗಳು ತೆರೆಯುತ್ತಿರಲಿಲ್ಲ, ಹಾಡಿದರೆ ಪ್ರಾರ್ಥನೆಯನ್ನೇ ಹಾಡಬೇಕು, ನಕ್ಕರೆ ಹಲ್ಲು ಕಾಣಬಾರದು. ಸುಳ್ಳು ಹೇಳಿದ ಮಕ್ಕಳಿಗೆ ಆ ಹೊತ್ತಿನ ಊಟವಿಲ್ಲ. "ನಿಜ ಹೇಳಿದವರ ಬೆನ್ನಿಗೆ ದೇವರು ನಿಂತಿರ್ತಾನೆ" ಎಂಬ ಅವರ ಮಾತನ್ನು ಒಡಹುಟ್ಟಿದವರೆಲ್ಲ ಅನ್ನದಷ್ಟೇ ಸಲೀಸಾಗಿ ನುಂಗಿದರು, ಇವಳು ನಂಬಿಬಿಟ್ಟಳು.

ಹದಿನೇಳರ ಹರೆಯದಲ್ಲಿ, ಪ್ರಾರ್ಥನಾ ಮಂದಿರದ ಹಾಡುವ ಸಾಲಿನಲ್ಲಿ, ಪಕ್ಕದಲ್ಲಿ ನಿಂತು ಸದಾ ಅಪಸ್ವರ ಎಳೆಯುತ್ತಿದ್ದ ಗೆಳತಿಯ ಮೇಲೆ ಅವಳಿಗೆ ಮನಸ್ಸಾಯಿತು. ಶ್ರುತಿ ತಪ್ಪಿದ ಆ ಒಂದು ದನಿಗಾಗಿ ವಾರವಿಡೀ ಕಾಯುವಳು. ಪಾಪವೆಂದು ಹೆದರಿ, ಇದನ್ನು ನನ್ನಿಂದ ಕಿತ್ತುಬಿಡು ಎಂದು ದೇವರಲ್ಲಿ ಮೊರೆಯಿಟ್ಟಳು, ಉಪವಾಸವಿದ್ದಳು, ಮಂಡಿ ಮರಗಟ್ಟುವವರೆಗೆ ಕೂತಳು. ಕೊನೆಗೊಂದು ಬೆಳಿಗ್ಗೆ, ಮಂದಿರದ ಹಿಂದಿನ ಮೆಟ್ಟಿಲ ಮೇಲೆ, ಎಲ್ಲವನ್ನೂ ಗೆಳತಿಗೇ ಹೇಳಿಬಿಟ್ಟಳು. "ನಾನೂ ಅದನ್ನೇ ಬೇಡ್ಕೋತಿದ್ದೆ ಕಣೇ" ಎಂದಳು ಅವಳು. ಇಬ್ಬರೂ ಹಲ್ಲು ಕಾಣುವಂತೆ ನಕ್ಕರು.

ಕೆಲವು ವರ್ಷಗಳ ಮೇಲೆ ವರನ ಕಡೆಯವರು ಬಂದರು. ತುಂಬಿದ ಹಜಾರದಲ್ಲಿ ವರನ ತಾಯಿ, "ನಮ್ಮ ಹುಡುಗ ಒಪ್ಪಿಗೆನಾಮ್ಮ?" ಎಂದು ಕೇಳಿದರು. ಇವಳು ಕಿವಿ ಎಳೆದುಕೊಂಡಳು.

"ಬೇಜಾರು ಮಾಡ್ಕೋಬೇಡಿ. ಅವರು ಒಳ್ಳೆಯವರೇ. ಆದ್ರೆ ನನ್ನ ಮನಸ್ಸು ಗಂಡಸರ ಕಡೆ ಹೋಗಲ್ಲ. ನಾನು ಪ್ರೀತಿಸ್ತಿರೋದು ಒಬ್ಬಳು ಹುಡುಗೀನ."

ಕಿವಿ ಮಂದವಾಗಿದ್ದ ವರನ ಅಜ್ಜಿ "ಏನಂದ್ಲು?" ಎಂದರು. ಪಾಪ, ವರನೇ ಅದಷ್ಟನ್ನೂ ಅವರ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು. "ಮದುವೆಗೆ ಮುಂಚೇನೇ ಹೇಳಿದ್ಲಲ್ಲ, ಪುಣ್ಯಾತ್ಗಿತ್ತಿ!" ಎನ್ನುತ್ತ ಅಜ್ಜಿ ಕೋಲು ಹಿಡಿದು ಎದ್ದರು.

ಅವರೆಲ್ಲ ಹೊರಟ ಮೇಲೆ ತಂದೆ, "ಓಡಿಹೋಗಿ ತಮಾಷೆಗೆ ಅಂದೆ ಅಂತ ಹೇಳು, ಇನ್ನೂ ತಿರುವಲ್ಲೇ ಇದ್ದಾರೆ" ಎಂದರು.

"ಅಪ್ಪಾ, ನೀವು ನಂಗೆ ಸುಳ್ಳು ಹೇಳು ಅಂತಿದ್ದೀರಾ?"

ಅವರು ಬಾಗಿಲು ತೋರಿಸಿದರು. ತಾಯಿ ಅಡುಗೆಮನೆಯ ಕದದ ಹಿಂದೆ ಅಳುತ್ತಿದ್ದಂತೆ, ಇವಳು ಒಂದೇ ಚೀಲ ಹಿಡಿದು ಹೊರಬಿದ್ದಳು. ಗೆಳತಿ ಅಷ್ಟರಲ್ಲಿ ಮಸೂರ ಉಜ್ಜುವ ಕೆಲಸ ಕಲಿತಿದ್ದಳು. ಇಬ್ಬರೂ ಅವರಿವರ ಅಂಗಡಿಯಲ್ಲಿ ದುಡಿದು, ಒಂದೇ ಕೋಣೆಯಲ್ಲಿ ಬದುಕಿ, ಕಡೆಗೆ ಸ್ವಂತ ಅಂಗಡಿ ಹೂಡಿದರು. ಬೀದಿ ಮೊದಮೊದಲು ಮೂಗು ಮುರಿಯಿತು. ಆಮೇಲೆ ಅದೇ ಮೂಗಿನ ಮೇಲೆ ಅವರ ಕನ್ನಡಕವನ್ನೇ ಏರಿಸಿಕೊಂಡಿತು.

ಹೋದ ವರ್ಷ ನಾನು ಅಂಗಡಿಯಲ್ಲಿದ್ದಾಗಲೇ ಆ ತಂದೆ ಬಂದರು. ಹೊಸ್ತಿಲಲ್ಲಿ ನಿಂತು, "ಕನ್ನಡಕ ಬೇಕಾಗಿತ್ತು" ಎಂದರು.

ಅವಳು ಅವರ ಮುಖವನ್ನೇ ದಿಟ್ಟಿಸಿದಳು. "ಅಪ್ಪಾ, ಹಾಕ್ಕೊಂಡಿರೋದು ಹೊಸದಲ್ವಾ?"

"ಹೌದು," ಎಂದರು ಮುದುಕರು. "ಸುಳ್ಳು ಹೇಳಿದೆ. ನಿಮ್ಮಿಬ್ಬರನ್ನ ನೋಡೋಕೆ ಬಂದೆ."

ಖಡಕ್ ಅಕ್ಕ ಬಲಗಿವಿಯತ್ತ ಕೈಯೆತ್ತಿ, ಎಳೆದುಕೊಳ್ಳದೆ ಹಾಗೇ ಇಳಿಸಿದಳು. ಗೆಳತಿ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಕುರ್ಚಿ ತಂದಿಟ್ಟು, "ಕೂತ್ಕೊಳ್ಳಿ ಮಾವ" ಎಂದಳು. ಆ ಸಂಬೋಧನೆಗೆ ಅರೆಗಳಿಗೆ ತಬ್ಬಿಬ್ಬಾಗಿ, ಅವರು ಕೂತರು.

ಧರ್ಮನಿಷ್ಠ ಮನೆಗಳಿಂದ ಹೊರಬಿದ್ದ ಇಂಥ ಹೆಣ್ಣುಮಕ್ಕಳನ್ನು ಲೋಕ ದಾರಿ ತಪ್ಪಿದವರೆಂದು ಕರೆಯುತ್ತದೆ. ನನಗೋ, ಹೇಳಿಕೊಟ್ಟವರಿಗಿಂತ ಹೆಚ್ಚಾಗಿ ಆ ಪಾಠವನ್ನು ನಂಬಿದವರು ಇವರೇ ಎನಿಸುತ್ತದೆ. ಹಿರಿಯರು ದಾರಿ ತೋರಿಸುತ್ತಾರೆ. ಅದರಲ್ಲಿ ಕೊನೆಯವರೆಗೆ ತಲೆಯೆತ್ತಿ ನಡೆದುಹೋಗಿ, ಹಿಂದುಳಿದ ಹಿರಿಯರಿಗಾಗಿ ಕಾಯುವವರು ಇಂಥ ಮಕ್ಕಳು.