ಚಟ ಬಿಡಿಸುವ ಕ್ಲಾಸು

ಸಿಗರೇಟು ಬಿಡುವುದರಲ್ಲಿ ನನ್ನ ಗಂಡನದು ಪಳಗಿದ ಕೈ. ಇಪ್ಪತ್ತು ವರ್ಷದಲ್ಲಿ ಹನ್ನೊಂದು ಸಲ ಬಿಟ್ಟಿದ್ದಾನೆ. ಈ ಸಲ ಬಲಗಾಲಿನ ಎರಡು ಬೆರಳು ಕಪ್ಪಗಾಗಿದ್ದವು. ಇನ್ನೂ ಸೇದಿದರೆ ಪಾದ ಉಳಿಯುವ ಭರವಸೆ ಕೊಡಲಾರೆ ಎಂದರು ಡಾಕ್ಟರು. ವ್ಯಾನು ಓಡಿಸಿ ಬದುಕುವವನು ಪಾದವಿಲ್ಲದೆ ಏನು ಮಾಡಿಯಾನು?

ಆಸ್ಪತ್ರೆಯವರು ಒಂದು ಕ್ಲಾಸಿಗೆ ಕಳಿಸಿದರು. ಹೆಂಡತಿಯೂ ಬರಬೇಕಂತೆ. ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಇಸ್ತ್ರಿಗೆ ಬಟ್ಟೆ ರಾಶಿ ಬಿದ್ದಿದ್ದರೂ ಹೋದೆ. ಮೆತ್ತಗೆ ಮಾತಾಡುವ ಒಬ್ಬ ಮೇಡಂ, ಆಸೆ ಬಂದಾಗ ಅದರ ಜೊತೆ ಜಗಳ ಬೇಡ, ಮೈಯಲ್ಲಿ ಎಲ್ಲಿ ಎದ್ದಿತು, ಎಲ್ಲಿಗೆ ಏರಿತು ಎಂದು ಸುಮ್ಮನೆ ನೋಡಿ, ತಾನಾಗಿ ಇಳಿಯುತ್ತದೆ ಅಂದಳು. ನೋಡುತ್ತ ಕೂತರೆ ಕೆಲಸ ಆಗುವುದಾದರೆ ನಾನು ಬಟ್ಟೆ ರಾಶಿಯನ್ನೂ ನೋಡುತ್ತ ಕೂರುತ್ತಿದ್ದೆ. ಇವನೋ, ಹಾಲು ಕುಡಿಯುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ಕೂತಿದ್ದ.

ಸಿಗರೇಟು ಬಿಟ್ಟ ಒಂಬತ್ತನೆಯ ದಿನ ಸಂಜೆ ನಾನು ಲಾಂಡ್ರಿಯಿಂದ ಮನೆಗೆ ತಂದ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಇವನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಎದೆ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಕೂತಿದ್ದ. ಹಣೆ ಬೆವರಿತ್ತು, ಮೊಣಕಾಲು ಕುಣಿಯುತ್ತಿತ್ತು. 'ನಾಯಿ ಬಾಲ ಡೊಂಕು' ಎಂಬ ಮಾತು ನನ್ನ ತುದಿನಾಲಿಗೆಗೆ ಬಂತು. ಹನ್ನೊಂದು ಸಲವೂ ಅದನ್ನೇ ಅಂದಿದ್ದೆ. ಪ್ರತಿ ಸಲವೂ ಇವನು ಬಾಗಿಲು ಬಡಿದು ಹೊರಗೆ ಹೋಗಿ ಸೇದಿ ಬಂದಿದ್ದ. ಬಂದ ಮೇಲೆ 'ನಾನು ಹೇಳಲಿಲ್ಲವಾ' ಅನ್ನುವುದರಲ್ಲಿ ಎಂಥ ಸುಖ ಇತ್ತು!

ಹೊಟ್ಟೆಯಲ್ಲಿ ಏನೋ ಬಿಸಿ ಎದ್ದಿತು. ಎದೆಗೆ ಏರಿತು. ನಾಲಿಗೆ ತುರಿಸಿತು. ಮೇಡಂ ಹೇಳಿದ್ದೆಲ್ಲ ಒಂದೊಂದಾಗಿ ನನ್ನ ಮೈಯಲ್ಲೇ ಆಗುತ್ತಿತ್ತು. ಥೂ, ಈ ಕೈಲಾಗದವನ ಸಾಲಿನಲ್ಲಿ ನಾನೂ ಒಬ್ಬಳಾ ಎಂದು ನಾಚಿಕೆಯಾಯಿತು. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಸುಮ್ಮನೆ ನೋಡುತ್ತ ನಿಂತೆ. ಅದು ಇನ್ನಷ್ಟು ಏರಿತು, ಒಂದಷ್ಟು ಹೊತ್ತು ಹಾಗೇ ಇತ್ತು, ಆಮೇಲೆ ಮೆಲ್ಲಗೆ ಇಳಿಯಿತು.

ಇವನು ಕಣ್ಣು ಬಿಟ್ಟ. ಮೊಣಕಾಲು ನಿಂತಿತ್ತು. ನನ್ನನ್ನು ಸಿಟ್ಟಿನಿಂದ ನೋಡಿದ.

"ಯಾಕೆ ಇವತ್ತು ಏನೂ ಅನ್ಲಿಲ್ಲ?"

"ಅನ್ಬೇಕಿತ್ತಾ?" ಅಂದೆ.

"ನೀನು ಒಂದು ಮಾತು ಅಂದ್ರೆ ಸಾಕು, ಎದ್ದು ಹೋಗೋಣ ಅಂತ ಇಷ್ಟೊತ್ತೂ ಕಾಯ್ತಾ ಕೂತಿದ್ದೆ ಕಣೇ. ಪ್ರತಿ ಸಲಾನೂ ಹಾಗೇ ತಾನೆ ಹೋಗಿದ್ದು?"