ಅಂಗೈಯ ನಾತ

ಮಿಣುಕಿಗೆ ನಾತವಿತ್ತು. ಹಸಿ ತೊಗಲನ್ನು ಕೆಟ್ಟ ಎಣ್ಣೆಯಲ್ಲಿ ನೆನೆಹಾಕಿದರೆ ಹೇಗೋ ಹಾಗೆ. ಮುಟ್ಟದಿದ್ದರೆ ಅದು ನೆಲಮಾಳಿಗೆಯೊಳಗೇ ತನ್ನ ಪಾಡಿಗೆ ತಾನಿರುತ್ತಿತ್ತು. ಬೆರಳು ತಗುಲಿತೋ, ನಾತ ಉಗುರುಸಂದಿಯಲ್ಲಿ ಮನೆ ಮಾಡಿಕೊಂಡು, ಸೋಪು ಹಚ್ಚಿ ತಿಕ್ಕಿ ತೊಳೆದರೂ ತುತ್ತಿನ ಜೊತೆ ಬಾಯಿಯವರೆಗೆ ಬರುತ್ತಿತ್ತು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆಯ ಮೈಯಿಂದ ಬರುವ ಈ ವಾಸನೆ ಮುಪ್ಪಿನದೇ ಇರಬೇಕು ಎಂದುಕೊಂಡಿದ್ದಳು.

ಅದನ್ನು ಪಾಚಿ ಅಂದರೆ ಅತ್ತೆಗೆ ಮೂಗಿನ ತುದಿಯಲ್ಲಿ ಸಿಟ್ಟು. "ಪಾಚಿ ಬಚ್ಚಲಲ್ಲಿ ಕೇಳದೇ ಬರುತ್ತೆ. ಇದು ಕೈಮುಗಿದು ಕರೆದರೂ ಬರಲ್ಲ." ಎಲೆಯಿಲ್ಲ, ಕಾಂಡವಿಲ್ಲ, ಹೇಳಿಕೊಳ್ಳುವಂಥ ಬೇರೂ ಇಲ್ಲ. ಉಗುರಗಲದ ತೆಳು ಚರ್ಮಗಳು ತುದಿಯಲ್ಲಿ ಹಾವಿನ ನಾಲಿಗೆಯಂತೆ ಕವಲೊಡೆದು, ಒದ್ದೆ ಇಟ್ಟಿಗೆಯ ಮೇಲೆ ಮೈಚೆಲ್ಲಿ ಮಲಗಿರುತ್ತಿದ್ದವು. ಬಿಸಿಲು ಕಂಡರೆ ಸುಟ್ಟ ಕಾಗದದಂತೆ ಸುರುಟಿಕೊಳ್ಳುತ್ತಿದ್ದವು. ಆದರೆ ನೆಲಮಾಳಿಗೆಯ ಬಾಗಿಲನ್ನು ಬೆರಳಗಲ ತೆರೆದು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾದು ನೋಡಿದರೆ, ಇಟ್ಟಿಗೆಗಳ ಮೇಲೆಲ್ಲ ಬೆಕ್ಕಿನ ಕಣ್ಣಿನಂಥ ಹೊಂಬಣ್ಣ ಮಿನುಗುತ್ತಿತ್ತು. ಆ ಮಿನುಗಿಗಾಗಿಯೇ ಅದಕ್ಕೆ ಆ ಹೆಸರು.

ಅತ್ತೆ ಅದನ್ನು ತಾನು ಸೊಸೆಯಾಗಿದ್ದ ಕಾಲದಲ್ಲಿ ಊರಾಚೆಯ ಬಂಡೆಯ ಗವಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಗೆಡ್ಡೆಗೆಣಸು ಇಡುತ್ತಿದ್ದ ನೆಲಮಾಳಿಗೆಯನ್ನು ಗುಡಿಸಿ, ಗವಾಕ್ಷಿಗೆ ಗೋಣಿತಟ್ಟು ಕಟ್ಟಿ, ಹಳೆಯ ಗೋಡೆಗಳಿಂದ ಕಿತ್ತ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸಿ ಬೆಳೆಸಿದ್ದಳು. ಗಾಜಿನ ಪೆಟ್ಟಿಗೆಗಳಲ್ಲಿ ಪುಟ್ಟ ತೋಟ ಮಾಡಿ ಮಾರುವವನೊಬ್ಬ ಪೇಟೆಯಿಂದ ಬಂದು ಕೊಂಡುಹೋಗುತ್ತಿದ್ದ. ಬಂದಾಗಲೆಲ್ಲ ಅವನದು ಒಂದೇ ದೂರು.

"ಅಮ್ಮ, ನಿಮ್ಮಲ್ಲಿ ಇಷ್ಟು ಚೆನ್ನಾಗಿರೋದು ನಮ್ಮಲ್ಲಿ ಒಂದು ಮಳೆಗಾಲ ದಾಟಲ್ಲ. ಗುಟ್ಟು ಏನು ಹೇಳಿ."

"ಹೆಣ್ಣು ಕೊಟ್ಟಾಯ್ತು. ಬಾಳಿಸೋದು ನಿಮ್ಮ ಮನೆ ಕೆಲಸ," ಎನ್ನುತ್ತಿದ್ದಳು ಅತ್ತೆ.

ಅವನು ನಗುತ್ತಿದ್ದ. ಅತ್ತೆ ನಗುತ್ತಿರಲಿಲ್ಲ. ಗುಟ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸೊಸೆಯನ್ನು ನೆಲಮಾಳಿಗೆಯ ಮೆಟ್ಟಿಲಿಗಿಂತ ಕೆಳಗೆ ಇಳಿಯಲೂ ಬಿಟ್ಟಿರಲಿಲ್ಲ.

ಕಲ್ಲಿನ ಕ್ವಾರಿ ಬಂದ ಮೇಲೆ ಗವಿ ಹೋಯಿತು. ಬಂಡೆಗೆ ಮದ್ದಿಟ್ಟು ಸೀಳಿದರು. ಜಲ್ಲಿ ಹೊತ್ತ ಲಾರಿಗಳಲ್ಲಿ ಒಂದನ್ನು ಓಡಿಸುತ್ತಿದ್ದವನು ಈ ಮನೆಯ ಮಗನೇ. ಅತ್ತೆ ಅವತ್ತು ಮಗನ ತಟ್ಟೆಗೆ ಅನ್ನ ಬಡಿಸುತ್ತ, "ಗವಿ ಎಷ್ಟು ಲೋಡಾಯ್ತಪ್ಪ?" ಎಂದು ಕೇಳಿದ್ದಳು. ಅವನು ತಲೆ ಎತ್ತದೆ ಉಂಡು ಎದ್ದಿದ್ದ. ಅಲ್ಲಿಗೆ ಮಿಣುಕು ಅನ್ನುವುದು ಉಳಿದಿದ್ದು ಈ ಮನೆಯ ನೆಲದಡಿಯಲ್ಲಿ ಮಾತ್ರ.

ಮಳೆಗಾಲದ ನಡುವೆ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಡಾಕ್ಟರು ಇನ್ನು ಮಂಚವೇ ಗತಿ ಎಂದರು. ಅವಳನ್ನು ಆಸ್ಪತ್ರೆಯಿಂದ ತಂದು ಮುಂದಿನ ಕೋಣೆಯಲ್ಲಿ ಮಲಗಿಸಿದ ಸಂಜೆ, ಸೊಸೆಯನ್ನು ಹತ್ತಿರ ಕರೆದು, ಕೊರಳ ದಾರದಲ್ಲಿದ್ದ ನೆಲಮಾಳಿಗೆಯ ಬೀಗದಕೈ ಬಿಚ್ಚಿಕೊಟ್ಟಳು.

"ಬಾನಿ ನೀರನ್ನೇ ಚಿಮುಕಿಸು. ದೀಪ ಒಯ್ಯಬೇಡ. ಗೋಣಿತಟ್ಟು ಸರಿಸಬೇಡ. ನಿನ್ನ ಬುದ್ಧಿ ಉಪಯೋಗಿಸಬೇಡ."

"ಸರಿ ಅತ್ತೆ."

"ದಿನಾ ಒಂದು ಸಲ ಅಂಗೈಯಿಂದ ಸವರು. ಆಮೇಲೆ ಬಂದು ಕೈ ತೋರಿಸು."

ಕೈ ತೋರಿಸುವುದೆಂದರೆ ಮೂಸಿಸುವುದು. ಮಿಣುಕು ಹಸನಾಗಿದ್ದರೆ ನಾತ ಗಟ್ಟಿ. ಸೊರಗಿದರೆ ನಾತವೂ ಸೊರಗುತ್ತದೆ. ನಡೆಯಲಾರದ ಅತ್ತೆಗೆ ಸೊಸೆಯ ಅಂಗೈಯೇ ನೆಲಮಾಳಿಗೆಯಾಯಿತು. ಬೆಳಗಿನ ಊಟಕ್ಕೆ ಮೊದಲು ಕೈ ಹಿಡಿದು ಮೂಗಿಗೆ ಒತ್ತಿಕೊಂಡು, ಕಣ್ಣುಮುಚ್ಚಿ, "ಹೂಂ, ಇದೆ" ಎನ್ನುತ್ತಿದ್ದಳು. ಆ ಎರಡು ಮಾತು ಕೇಳಿದ ಮೇಲೆ ಸೊಸೆಗೆ ದಿನವೆಲ್ಲ ಹಗುರ. ಇಷ್ಟು ವರ್ಷದಲ್ಲಿ ಅತ್ತೆ ತನ್ನ ಕೈಯನ್ನು ಹಿಡಿದದ್ದು ಇದೇ ಮೊದಲು ಎಂಬುದೂ ಅವಳಿಗೆ ಗೊತ್ತಿತ್ತು.

ಬಾನಿಯೆಂದರೆ ಹಿತ್ತಿಲ ಸೂರಿನ ಕೆಳಗೆ ಮಳೆನೀರು ಹಿಡಿಯುತ್ತಿದ್ದ ಮಣ್ಣಿನ ದೊಡ್ಡ ಪಾತ್ರೆ. ಒಂದು ದಿನ ಅದು ತಳದಿಂದ ಬಾಯಿಯವರೆಗೆ ಬಿರುಕುಬಿಟ್ಟು ನೀರೆಲ್ಲ ಹರಿದುಹೋಯಿತು. ಅತ್ತೆಗೆ ಹೇಳಬಹುದಿತ್ತು. ಹೇಳಿದರೆ, "ನಾನಿದ್ದಷ್ಟು ದಿನ ಇದ್ದ ಬಾನಿ, ನಿನ್ನ ಕೈಗೆ ಬಂದ ತಕ್ಷಣ ಒಡೀತು" ಎಂಬ ಮಾತು ವಾರಗಟ್ಟಲೆ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಅಟ್ಟದ ಮೇಲೆ ಸೊಸೆಯ ತವರಿನ ತಾಮ್ರದ ಹಂಡೆಯಿತ್ತು. ಅದನ್ನು ಇಳಿಸಿ, ಹುಳಿ ಹಚ್ಚಿ, ಬೂದಿಯಲ್ಲಿ ತಿಕ್ಕಿ, ಮುಖ ಕಾಣುವಂತೆ ಬೆಳಗಿ ಸೂರಿನಡಿ ಇಟ್ಟಳು. ತಾಮ್ರದಲ್ಲಿ ನಿಂತ ನೀರು ಮನುಷ್ಯರಿಗೇ ಒಳ್ಳೆಯದು, ಈ ತೊಗಲಿಗೆ ಒಳ್ಳೆಯದಾಗದೇ ಇರುತ್ತದೆಯೇ? ಒಡಕು ಮಣ್ಣಿನ ಬದಲು ಬೆಲೆಬಾಳುವ ಪಾತ್ರೆ. ಮನಸ್ಸಿನಲ್ಲೇ ಸ್ವಲ್ಪ ಬೀಗಿದಳು ಕೂಡ.

ಮೊದಲು ಬದಲಾದದ್ದು ವಾಸನೆ. ನೆಲಮಾಳಿಗೆಗೆ ಇಳಿದರೆ ಮೊದಲಿನಂತೆ ಸೆರಗನ್ನು ಮೂಗಿಗೆ ಹಿಡಿಯಬೇಕಾಗುತ್ತಿರಲಿಲ್ಲ. ಮೆಟ್ಟಿಲು, ನೆಲ ಎಲ್ಲ ತಾನು ಉಜ್ಜಿ ತೊಳೆದದ್ದರ ಫಲ ಇದು ಎಂದು ಅವಳು ತಿಳಿದಳು. ಗಂಡನೂ ಒಮ್ಮೆ ಬಾಗಿಲಲ್ಲಿ ನಿಂತು, "ಏನೇ, ಸತ್ತ ಇಲಿ ಎತ್ತಿ ಬಿಸಾಕಿದ್ಯಾ? ಈಗ ಮನುಷ್ಯರು ಉಸಿರಾಡೋ ಹಾಗಿದೆ," ಎಂದು ತಮಾಷೆ ಮಾಡಿದ.

ಅತ್ತೆ ಮಾತ್ರ ಅವಳ ಅಂಗೈಯನ್ನು ಎರಡು ಸಲ ಮೂಸಿದಳು. "ಸರಿಯಾಗಿ ಸವರಿದ್ಯೇನೆ?"

"ಸವರಿದೆ ಅತ್ತೆ."

"ಮುಟ್ಟಿ ಬಂದ ಕೈ ಅಲ್ಲ ಇದು. ನೋಡಿ ಬಂದ ಕೈ."

ಮರುದಿನ ಸೊಸೆ ಬಾಗಿಲನ್ನು ಬೆರಳಗಲ ತೆರೆದು ಕಾದು ನೋಡಿದಳು. ಕಣ್ಣು ಒಗ್ಗಿತು, ಮಿನುಗು ಕಾಣಲಿಲ್ಲ. ಹತ್ತಿರ ಬಗ್ಗಿದರೆ ಚರ್ಮಗಳ ಅಂಚೆಲ್ಲ ಚಹಾದ ಬಣ್ಣಕ್ಕೆ ತಿರುಗಿತ್ತು. ಬಾಯಾರಿರಬೇಕು ಎಂದು ಹಂಡೆಯಿಂದ ಇನ್ನೆರಡು ಚೊಂಬು ತಂದು ಚಿಮುಕಿಸಿದಳು. ಆಮೇಲಿನ ದಿನ ಇನ್ನಷ್ಟು. ಕಂದು ಅಂಚಿನಿಂದ ನಡುವಿಗೆ ಹರಿಯಿತು, ಒಂದು ಇಟ್ಟಿಗೆಯಿಂದ ಪಕ್ಕದ್ದಕ್ಕೆ ದಾಟಿತು. ಬೆರಳಿಟ್ಟರೆ ಬೆಂದ ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಮೂಸಿದರೆ ಬರೀ ಒದ್ದೆ ಮಣ್ಣಿನ, ಚೊಕ್ಕಟ ವಾಸನೆ.

ಉಳಿದದ್ದು ಒಂದು ಮೂಲೆ. ಅಲ್ಲಿ ಗೋಡೆ ತಾನಾಗಿಯೇ ಜಿನುಗುತ್ತಿತ್ತು, ಆದ್ದರಿಂದ ಅವಳು ನೀರು ಹಾಕಿರಲಿಲ್ಲ. ಅಂಗೈಯಗಲದ ಮಿಣುಕು ಅಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಹೊಳೆಯುತ್ತಿತ್ತು.

ಅದರ ಮುಂದೆ ಅವಳು ಎಷ್ಟೋ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತಳು. ಮೇಲಿನಿಂದ ಅತ್ತೆಯ ಕೂಗು ಕೇಳಿತು: "ಎಲ್ಲಿ ಸತ್ತೆ? ಕೈ ತಾ!"

ಆ ಮೂಲೆಯಿಂದ ಒಂದು ಚಿವುಟು ಕಿತ್ತು, ಎರಡು ಅಂಗೈಗಳ ನಡುವೆ ಅರೆದು, ಮೇಲೆ ಬಂದಳು.

ಅತ್ತೆ ಮೂಸಿದಳು. ಹುಬ್ಬು ಸಡಿಲವಾಯಿತು. "ಹೂಂ. ಇದೆ. ಮೊನ್ನೆ ಎಲ್ಲ ಕಳ್ಳಾಟ ಆಡ್ತಿದ್ದೆ ನೀನು."

"ಹೂಂ ಅತ್ತೆ."

"ಮೈಗಳ್ಳಿ," ಎಂದಳು ಅತ್ತೆ. ದನಿಯಲ್ಲಿ ಅಪರೂಪಕ್ಕೆ ಅಕ್ಕರೆಯಿತ್ತು. ಅವತ್ತು ಒಂದು ತುತ್ತು ಹೆಚ್ಚೇ ಉಂಡಳು.

ಹೀಗೆ ಅದು ಶುರುವಾಯಿತು. ಪ್ರತಿದಿನ ಒಂದು ಚಿವುಟು. ಇವತ್ತೊಂದೇ ದಿನ, ನಾಳೆ ಹೇಳಿಬಿಡುತ್ತೇನೆ ಎಂದು ಮೆಟ್ಟಿಲಿಳಿಯುವಾಗ ಅಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಇಟ್ಟಿಗೆಗಳ ಮೇಲೆ ಎಲ್ಲಾದರೂ ಹಸಿರು ಮರಳಬಹುದು ಎಂಬ ಆಸೆ. ಮೂಲೆ ಕುಗ್ಗುತ್ತ ಬಂತು. ಅಂಗೈಯಗಲದ್ದು ಎಲೆಯಗಲವಾಯಿತು, ಎಲೆಯಗಲದ್ದು ಹೆಬ್ಬೆರಳಗಲ.

ತಡೆಯಲಾರದೆ ಒಂದು ಸಂಜೆ ಗಂಡನ ಮುಂದೆ ಬಾಯಿಬಿಟ್ಟಳು. ಅವನು ಲಾರಿಯ ಚಕ್ರಕ್ಕೆ ನೀರು ಹೊಡೆಯುತ್ತಿದ್ದ.

"ರೀ, ಕೆಳಗಿನದೆಲ್ಲ ಹೋಗಿದೆ. ಅತ್ತೆಗೆ ನೀವು ಹೇಳಿ."

"ನಾನಾ? ಗವಿದೇ ಇನ್ನೂ ತೀರಿಲ್ಲ ನನ್ನ ಲೆಕ್ಕ." ಪೈಪನ್ನು ಇನ್ನೊಂದು ಚಕ್ರಕ್ಕೆ ತಿರುಗಿಸಿದ. "ನೀನು ಸೊಸೆ. ಬೈಸಿಕೊಂಡು ಅಭ್ಯಾಸ ಇದೆ. ಹೇಳಿಬಿಡು."

"ಅಭ್ಯಾಸ ಇರೋದಕ್ಕೇ ಭಯ."

"ಹಾಗಾದರೆ ಹೇಳಬೇಡ. ಅಮ್ಮನಿಗೆ ಇನ್ನೆಷ್ಟು ದಿನ..." ಎಂದು ಅರ್ಧಕ್ಕೆ ನಿಲ್ಲಿಸಿದ. ನೀರು ಕೆಸರಾಗಿ ಇಬ್ಬರ ಕಾಲ ಬುಡಕ್ಕೂ ಹರಿಯಿತು.

ಕೊನೆಯ ಚೂರು ಉಗುರಿನಷ್ಟಿತ್ತು. ಅದನ್ನೂ ಕಿತ್ತು ಅರೆದಳು. ಅವತ್ತು ಅತ್ತೆ ಅಂಗೈಯನ್ನು ಮೂಗಿನಿಂದ ತೆಗೆಯದೆ, "ಮಳೆ ನಿಂತ ಮೇಲೆ ಹೊಸ ಇಟ್ಟಿಗೆ ಹಾಕೋಣ. ಕತ್ತರಿಸೋದು ಹೇಗೆ ಅಂತ ನಿನಗೆ ಹೇಳಿಕೊಡ್ತೀನಿ. ಇನ್ಯಾರಿಗೆ ಹೇಳಲಿ?" ಎಂದಳು. ಸೊಸೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಒಲೆಯ ಕಡೆ ಮುಖಮಾಡಿ ನಿಂತಳು.

ಮರುದಿನ ಅರೆಯಲು ಏನೂ ಇರಲಿಲ್ಲ. ಕಿತ್ತ ಜಾಗದ ಗೋಡೆಯನ್ನೇ ಉಜ್ಜಿ ನೋಡಿದಳು. ಅಂಗೈ ತರಚಿತು, ನಾತ ಬರಲಿಲ್ಲ. ಮೇಲೆ ಬಂದು ಮಂಚದ ಪಕ್ಕ ಕುಳಿತು, ಕೇಳುವ ಮೊದಲೇ ಎರಡು ಕೈಗಳನ್ನೂ ಚಾಚಿದಳು.

ಅತ್ತೆ ಒಂದನ್ನು ಮೂಸಿದಳು. ಇನ್ನೊಂದನ್ನು ಮೂಸಿದಳು. ತರಚಿದ ಜಾಗದ ಮೇಲೆ ಬೆರಳಾಡಿಸಿದಳು. ಕೊನೆಗೆ ಕೇಳಿದ್ದು ಒಂದೇ.

"ನೀರು ಯಾವುದರಲ್ಲಿ ಹಿಡಿದೆ?"

"ಬಾನಿ ಒಡೆದುಹೋಯ್ತು ಅತ್ತೆ. ನಮ್ಮನೆ ಹಂಡೇಲಿ..."

"ತಾಮ್ರದ್ದಾ?"

"ಹೂಂ."

ಸೊಸೆ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಹೊರಗೆ ಸೂರಿನಿಂದ ಹಂಡೆಗೆ ಹನಿ ಬೀಳುವುದು ಕೇಳುತ್ತಿತ್ತು.

"ತಾಮ್ರ ಅಂದ್ರೆ ಅದಕ್ಕೆ ವಿಷ," ಎಂದಳು ಅತ್ತೆ. "ಒಂದು ತಂತಿ ತಗುಲಿದರೂ ಸಾಕು. ಪೇಟೆಯವನು ತಾಮ್ರದ ತಂತೀಲಿ ಕಲ್ಲಿಗೆ ಕಟ್ತಾನೆ. ಅವನಿಗೆ ಅದಕ್ಕೇ ಬಾಳಲ್ಲ. ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದ್ರೆ ಅವನು ಮತ್ತೆ ಯಾಕೆ ಬರ್ತಾನೆ?" ಆಮೇಲೆ, "ನಿನಗೂ ಹೇಳಲಿಲ್ಲ," ಎಂದಳು.

ಸೊಸೆ ಅತ್ತಳು. ಅಳು ಮುಗಿದ ಮೇಲೆ ಅತ್ತೆ ಏನೋ ಹೊಳೆದಂತೆ ಅವಳ ಕಡೆ ತಿರುಗಿದಳು.

"ತಡಿ. ನಿನ್ನೆ ನಾತ ಇತ್ತಲ್ಲ? ಮೊನ್ನೆನೂ ಇತ್ತು."

"ಆ ಜಿನುಗೋ ಮೂಲೇಲಿ ಸ್ವಲ್ಪ ಉಳಿದಿತ್ತು. ಅದನ್ನೇ ದಿನಾ ಕಿತ್ತು ಕೈಗೆ ಉಜ್ಜಿಕೊಂಡು ಬರ್ತಿದ್ದೆ."

"ಎಷ್ಟು ಉಳಿದಿತ್ತು?"

"ಮೊದಲು ಅಂಗೈಯಷ್ಟು. ನಿನ್ನೆ ಉಗುರಿನಷ್ಟು."

"ಉಗುರಿನಷ್ಟು," ಎಂದಳು ಅತ್ತೆ. ತನ್ನದೇ ಹೆಬ್ಬೆರಳ ಉಗುರನ್ನು ಬೆಳಕಿಗೆ ಹಿಡಿದು ನೋಡಿದಳು. "ಅಯ್ಯೋ ಹುಚ್ಚಿ, ಗವಿಯಿಂದ ನಾನು ತಂದದ್ದೂ ಇಷ್ಟೇ ಕಣೆ."

ಆಮೇಲೆ ಗೋಡೆಗೆ ಮುಖ ಮಾಡಿದಳು. ಅವತ್ತು ಉಣ್ಣಲಿಲ್ಲ. ಸೊಸೆ ಹಿತ್ತಿಲಿಗೆ ಹೋಗಿ, ಒಡೆದ ಬಾನಿಯನ್ನು ಎಸೆದ ಜಾಗ ಹುಡುಕಿದಳು. ಬೋರಲು ಬಿದ್ದಿದ್ದ ಚೂರಿನ ಅಡಿಯಲ್ಲಿ ಹಸಿರು ಕಂಡು ತಟ್ಟನೆ ಬಗ್ಗಿದಳು. ಬೆರಳಿಂದ ಉಜ್ಜಿ ಮೂಸಿದಳು. ಪಾಚಿ. ಕೇಳದೇ ಬರುವಂಥದ್ದು.

ಮಳೆ ನಿಂತಿತು. ಪೇಟೆಯವನು ಬಂದು, ಬಾಗಿಲಲ್ಲೇ ಸುದ್ದಿ ಕೇಳಿ, ಕೂರದೆ ಹೋದ. ಅದಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಕರೆದಳು. ದನಿ ಕ್ಷೀಣವಾಗಿತ್ತು.

"ಏ, ಒಂದು ಇಟ್ಟಿಗೆ ತಾ. ಸಿಮೆಂಟು ಕಾಣದ್ದು. ಕತ್ತರೀನೂ ತಾ."

"ಯಾಕೆ ಅತ್ತೆ?"

"ಹೇಳಿಕೊಡ್ತೀನಿ ಅಂದಿದ್ದೆನಲ್ಲ. ಕೂತ್ಕೋ."

ಸೊಸೆ ಇಟ್ಟಿಗೆಯನ್ನು ಹೊಸ ಮಣ್ಣಿನ ಮಡಕೆಯ ನೀರಿನಲ್ಲಿ ಮುಳುಗಿಸಿದಳು. ಗುಳ್ಳೆ ಏಳುವುದು ನಿಂತ ಮೇಲೆ ಎತ್ತಬೇಕು ಎಂದಳು ಅತ್ತೆ, ಎತ್ತಿದಳು. ಒರಟು ಮಗ್ಗುಲು ಮೇಲಿರಬೇಕು ಎಂದಳು, ತಿರುಗಿಸಿದಳು. ಹಳೆಯ ಚರ್ಮದ ನಡುಭಾಗ ಬೇಡ, ಕವಲೊಡೆದ ತುದಿಯನ್ನಷ್ಟೇ ತೆಗೆದುಕೋ, ಸಾಸಿವೆಗಿಂತ ಸಣ್ಣಗೆ ಕತ್ತರಿಸು, ಉದುರಿಸು, ಅಂಗೈಯಿಂದ ಒತ್ತು, ಗಾಜು ಮುಚ್ಚು, ಹಸಿರೇಳುವವರೆಗೆ ಗಾಜು ಎತ್ತಿ ನೋಡುವ ಚಪಲ ಬೇಡ. ಬಿಟ್ಟುಹೋಗಬಾರದು ಎಂಬಂತೆ ಅತ್ತೆ ಒಂದೊಂದನ್ನೂ ಎರಡೆರಡು ಸಲ ಹೇಳಿದಳು.

"ಈಗ ಕತ್ತರಿಸು."

ಸೊಸೆ ಕೈಯಲ್ಲಿದ್ದ ಕತ್ತರಿಯನ್ನು ನೋಡಿದಳು, ಒದ್ದೆ ಇಟ್ಟಿಗೆಯನ್ನು ನೋಡಿದಳು. ಆಮೇಲೆ ಇಟ್ಟಿಗೆಯ ಮೇಲೆ ಕತ್ತರಿ ಹಿಡಿದು, ಬರಿಗಾಳಿಯಲ್ಲಿ ಆಡಿಸತೊಡಗಿದಳು.

ಅತ್ತೆ ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿಸಿಕೊಂಡಳು.

"ಹಾಗಲ್ಲ," ಎಂದಳು. "ಇನ್ನೂ ಸಣ್ಣಗೆ."